ಅಣಬೆ ಬರೆದ ಕೈ

ಕಳೆದ ಮಳೆಗಾಲದಲ್ಲಿ ಮೊಮ್ಮಗಳು ಸಾಗರಕ್ಕೆ ಬಂದಾಗ ಚೀಲದಲ್ಲಿ ಅಂಗೈಯಗಲದ ಪುಸ್ತಕವೊಂದನ್ನು ತಂದಿದ್ದಳು. ನೀಲಿ ಕೋಟು ತೊಟ್ಟ ಮೊಲದ ಮರಿಯ ಕಥೆ. ಮಧ್ಯಾಹ್ನ ಹೊರಗೆ ಧೋ ಎಂದು ಸುರಿಯುತ್ತಿತ್ತು, ಕರೆಂಟು ಇರಲಿಲ್ಲ. ಕಿಟಕಿಯ ಬಳಿ ಕುಳಿತು ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಾ ಹೋದೆ. ಮುಗಿದ ಮೇಲೆ ಅವಳು ಕೇಳಿದಳು: "ಅಜ್ಜಿ, ಇದನ್ನ ಬರೆದಿದ್ದು ಯಾರು?"

"ಬಿಯಾಟ್ರಿಕ್ಸ್ ಪಾಟರ್ ಅಂತ."

"ಕಥೆ ಬರೆದಿದ್ದಲ್ಲ, ಮೊಲ ಬರೆದಿದ್ದು?"

"ಅದೂ ಅವಳೇ ಮಾರಾಯ್ತಿ."

ನಮ್ಮ ಭಾಷೆಯಲ್ಲಿ ಇದೊಂದು ಸೊಗಸು ನೋಡಿ. ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಪಾಟರಳ ಬಗ್ಗೆ ಬರೆಯುವವರೆಲ್ಲ ಆಕೆಯನ್ನು ಲೇಖಕಿ, ಕಲಾವಿದೆ, ವಿಜ್ಞಾನದ ಹವ್ಯಾಸಿ, ಕುರಿ ಸಾಕಿದವಳು ಎಂದು ನಾಲ್ಕು ಹೋಳು ಮಾಡಿ ಬಡಿಸುತ್ತಾರೆ. ಕನ್ನಡದ ಒಂದು ಕ್ರಿಯಾಪದ ಅವರಿಗೆ ಗೊತ್ತಿದ್ದರೆ ಅಷ್ಟು ಕಷ್ಟಪಡಬೇಕಾಗಿರಲಿಲ್ಲ ಅನ್ನಿಸಿತು.

ನನಗೆ ಈಕೆಯ ಪರಿಚಯವಾದದ್ದು ಮೊಲದಿಂದಲ್ಲ, ಅಣಬೆಯಿಂದ. ಸಸ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದವಳು ನಾನು. ಓದು ಬಿ.ಎಸ್ಸಿ.ಗೆ ನಿಂತಿತು, ಆ ಮಾತಿಗೆ ಆಮೇಲೆ ಬರುತ್ತೇನೆ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯೊಂದರಲ್ಲಿ ಆಕೆ ಬರೆದ ಅಣಬೆಯ ಚಿತ್ರದ ಪ್ರತಿಯನ್ನು ನೋಡಿದೆ. ಕೊಡೆಯ ಅಂಚಿನ ಸುಕ್ಕು, ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ನಿಂತ ಪದರುಗಳು, ಕಾಲಿಗೆ ಅಂಟಿದ ಮಣ್ಣು, ಪಕ್ಕದಲ್ಲಿ ಉದ್ದುದ್ದ ಸೀಳಿದ ಇನ್ನೊಂದು ಅಣಬೆ. ನಮ್ಮ ಮನೆಯ ಹಿಂದಿನ ದರೆಯಲ್ಲಿ ಎದ್ದದ್ದನ್ನು ಆಗಷ್ಟೇ ಕಿತ್ತು ತಂದಿಟ್ಟ ಹಾಗಿತ್ತು. ಇವಳೇ ಮೊಲದ ಪುಸ್ತಕದವಳು ಎಂದು ಕೆಳಗೆ ಅಚ್ಚಾಗಿದ್ದುದನ್ನು ನಾನು ನಂಬಲೇ ಇಲ್ಲ.

ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ. ಅಪ್ಪ ಬ್ಯಾರಿಸ್ಟರು. ಅಜ್ಜ ಎಡ್ಮಂಡ್ ಪಾಟರ್ ಡಿಂಟಿಂಗ್ ವೇಲ್ ಎಂಬಲ್ಲಿ ದೊಡ್ಡ ಕ್ಯಾಲಿಕೊ ಅಚ್ಚಿನ ಕಾರ್ಖಾನೆ ನಡೆಸಿದವನು. ಕ್ಯಾಲಿಕೊ ಎಂಬ ಹೆಸರು ಹುಟ್ಟಿದ್ದೇ ನಮ್ಮ ಪಕ್ಕದ ಕಲ್ಲಿಕೋಟೆಯಿಂದ. ಹೂವಿನ ಅಚ್ಚಿನ ಹತ್ತಿ ಬಟ್ಟೆ. ಆ ಬಟ್ಟೆಯ ಹಣದಲ್ಲಿ ಮನೆ, ಆಳುಕಾಳು, ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ವಾಸ. ತಮ್ಮ ಬರ್ಟ್ರಮ್ ಬೋರ್ಡಿಂಗ್ ಶಾಲೆಗೆ ಹೋದ. ಈಕೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಮನೆಗೇ ಬಂದು ಪಾಠ ಹೇಳುವ ಗವರ್ನೆಸ್‌ಗಳು. ಹದಿಹರೆಯದಲ್ಲಿ ಸಿಕ್ಕ ಚಿತ್ರಕಲೆಯ ಒಂದು ಸರ್ಟಿಫಿಕೇಟನ್ನು ಬಿಟ್ಟರೆ ಪದವಿ ಎಂಬುದು ಏನೂ ಇಲ್ಲ.

ಅಕ್ಕ ತಮ್ಮ ಇಬ್ಬರೂ ಮಕ್ಕಳ ಕೋಣೆಯಲ್ಲಿ ಮೊಲ, ಇಲಿ, ಬಾವಲಿ, ಓತಿಕ್ಯಾತ ಎಲ್ಲವನ್ನೂ ಸಾಕಿದರು. ಸತ್ತವನ್ನು ಬೇಯಿಸಿ, ಮಾಂಸ ಬಿಡಿಸಿ, ಎಲುಬಿನ ಗೂಡನ್ನು ಜೋಡಿಸಿ ಇಟ್ಟರು. ನಮಗೆ ಕೇಳಲು ಹೇಸಿಗೆ. ಆದರೆ ಮುಂದೆ ಆಕೆ ಬರೆದ ಮೊಲಕ್ಕೆ ಕೋಟು ತೊಡಿಸಿದರೂ ಒಳಗಿನ ಭುಜದ ಎಲುಬು ಎಲ್ಲಿರಬೇಕೋ ಅಲ್ಲೇ ಇರುವುದು ಇದರಿಂದ.

ಹದಿನೈದರ ಸುಮಾರಿನಿಂದ ಮೂವತ್ತರವರೆಗೆ ಆಕೆ ತಾನೇ ಕಟ್ಟಿಕೊಂಡ ಗುಪ್ತಲಿಪಿಯಲ್ಲಿ ದಿನಚರಿ ಬರೆದಳು. ಇರುವೆ ಸಾಲಿನಂಥ ಅಕ್ಷರ. ಆಕೆ ತೀರಿಕೊಂಡು ಹದಿನೈದು ವರ್ಷಗಳ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬಾತ ಅದರ ಕೀಲಿ ಬಿಡಿಸಿದ; ಅಚ್ಚಾದದ್ದು 1966ರಲ್ಲಿ. ತೆರೆದು ನೋಡಿದರೆ ಒಳಗೆ ಪ್ರಳಯದಂಥ ಗುಟ್ಟೇನೂ ಇರಲಿಲ್ಲ. ನೋಡಿದ ಚಿತ್ರಪ್ರದರ್ಶನ, ಅಪ್ಪ ಅಮ್ಮನ ಮಾತು, ಹವಾಮಾನ, ಅಣಬೆ. ಇಷ್ಟನ್ನೇ ಗುಪ್ತಲಿಪಿಯಲ್ಲಿ ಬರೆಯಬೇಕಾಯಿತೇ ಎಂದು ಗಂಡಸರು ಅಚ್ಚರಿಪಟ್ಟಿದ್ದಾರೆ. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಏನಾದರೂ ಗೀಚಿ, ಆಮೇಲೆ ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿದ ಯಾವ ಹೆಂಗಸಿಗೂ ಅಚ್ಚರಿಯಾಗಲಾರದು.

ಅಣಬೆಯ ಗುರು ಒಬ್ಬ ಅಂಚೆಯವ. ಪರ್ತ್‌ಶೈರಿನ ಚಾರ್ಲ್ಸ್ ಮ್ಯಾಕಿಂಟಾಷ್, ನಡೆದೇ ಟಪಾಲು ಹಂಚುತ್ತಾ ದಾರಿಯ ಗಿಡ, ಪಾಚಿ, ನಾಯಿಕೊಡೆಗಳನ್ನೆಲ್ಲ ಗುರುತು ಹಿಡಿದವನು. ಚಳಿಗಾಲದಲ್ಲಿ ಆತ ಲಂಡನ್ನಿಗೆ ಅಣಬೆಗಳನ್ನು ಪೊಟ್ಟಣ ಕಟ್ಟಿ ಕಳಿಸುತ್ತಿದ್ದ. ಈಕೆ ಅವುಗಳ ಚಿತ್ರ ಬರೆದು ವಾಪಸು ಕಳಿಸುತ್ತಿದ್ದಳು. ಚೆಂದ ಬರೆದರೆ ಸಾಲದು, ಗುರುತಿಗೆ ಬೇಕಾದ ಭಾಗ ಕಾಣಬೇಕು, ಸೀಳಿ ತೋರಿಸಬೇಕು ಎಂದು ಕಲಿಸಿದವನು ಅವನೇ. ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ರೆಕಾರ್ಡ್ ಪುಸ್ತಕ ಎಸೆದು ಹೇಳುತ್ತಿದ್ದ ಮಾತೂ ಇದೇ. ಆದರೆ ಟಪಾಲಿನವನು ಇನ್ನೂ ಮರ್ಯಾದೆಯಿಂದ ಹೇಳಿರಬೇಕು.

ಆಮೇಲೆ ಆಕೆ ಬೀಜಕಗಳನ್ನು ಮೊಳೆಸಲು ಹೊರಟಳು. ಅಣಬೆಯ ಕೊಡೆಯಡಿಯಿಂದ ಉದುರುವ ಧೂಳಿನಂಥ ಕಣಗಳನ್ನು ಗಾಜಿನ ತುಣುಕಿನ ಮೇಲೆ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊತ್ತು ಹೊತ್ತಿಗೆ ಎಳೆ ಎಷ್ಟು ಉದ್ದವಾಯಿತೆಂದು ಬರೆದಿಟ್ಟಳು. ಸೋದರತ್ತೆಯ ಗಂಡ ಸರ್ ಹೆನ್ರಿ ರಾಸ್ಕೊ ಹೆಸರಾಂತ ರಸಾಯನಶಾಸ್ತ್ರಜ್ಞ. 1896ರಿಂದ ಲಂಡನ್ ವಿಶ್ವವಿದ್ಯಾಲಯದ ಉಪಕುಲಪತಿ. ಆತ ಸೊಸೆಯನ್ನು ಕ್ಯೂ ಸಸ್ಯೋದ್ಯಾನಕ್ಕೆ ಕರೆದೊಯ್ದು ನಿರ್ದೇಶಕ ಥಿಸಲ್ಟನ್ ಡೈಯರನ ಮುಂದೆ ನಿಲ್ಲಿಸಿದ. ನಿರ್ದೇಶಕ ಮನಸ್ಸಿಟ್ಟು ನೋಡಲಿಲ್ಲ. ಆದರೂ ಬಿಡದೆ ಬರೆದ ಪ್ರಬಂಧ, ಪದರುಳ್ಳ ಅಣಬೆಗಳ ಬೀಜಕ ಮೊಳೆಯುವುದರ ಕುರಿತದ್ದು, 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂತು. ಹೆಂಗಸರು ಆ ಸಭೆಗೆ ಹೋಗುವ ಹಾಗಿರಲಿಲ್ಲ. ಕ್ಯೂ ಸಸ್ಯೋದ್ಯಾನದ ಜಾರ್ಜ್ ಮ್ಯಾಸಿ ಆಕೆಯ ಪರವಾಗಿ ಮಂಡಿಸಿದ. ಬರೆದವಳು ಮನೆಯಲ್ಲಿದ್ದಳು.

ಪ್ರಬಂಧವನ್ನು ಹರಿದು ಮುಖಕ್ಕೆ ಎಸೆದರು ಎಂಬಂತೆ ಕೆಲವರು ಬರೆಯುತ್ತಾರೆ. ಹಾಗೇನಾಗಲಿಲ್ಲ. ಅಚ್ಚು ಮಾಡುವ ಮೊದಲು ಇನ್ನಷ್ಟು ಕೆಲಸ ಆಗಬೇಕೆಂದರಂತೆ, ಆಕೆಯೇ ಅಂಚೆಯವನಿಗೆ ಕಾಗದದಲ್ಲಿ ತಿಳಿಸಿದ್ದಾಳೆ. ಪ್ರಬಂಧವನ್ನು ವಾಪಸು ತೆಗೆದುಕೊಂಡಳು. ಅದು ಮತ್ತೆ ಬೆಳಕಿಗೆ ಬರಲಿಲ್ಲ, ಪ್ರತಿಯೂ ಉಳಿದಿಲ್ಲ. ದಿನಚರಿ ಅದೇ ವರ್ಷದ ಜನವರಿಗೇ ನಿಂತುಹೋಗಿದೆ. ಹೀಗಾಗಿ ಅಂದು ಸಂಜೆ ಆಕೆಗೆ ಏನನ್ನಿಸಿತೆಂದು ಗುಪ್ತಲಿಪಿಯಲ್ಲೂ ಇಲ್ಲ. "ಇನ್ನಷ್ಟು ಕೆಲಸ ಆಗಬೇಕು" ಎನ್ನುವುದು ವಿದ್ವಾಂಸರು ವಿದ್ವಾಂಸರಿಗೆ ದಿನವೂ ಹೇಳುವ ಮಾತು, ತಪ್ಪಲ್ಲ. ಆದರೆ ಆ ಕೆಲಸವನ್ನು ಎಲ್ಲಿ ಮಾಡಬೇಕು? ಪ್ರಯೋಗಾಲಯ ಇಲ್ಲ, ಸಭೆಗೆ ಪ್ರವೇಶ ಇಲ್ಲ, ಎದುರು ಕೂತು ಪ್ರಶ್ನೆ ಕೇಳುವವರಿಲ್ಲ. ಗಂಡಸಿಗೆ ಅದು ಸಲಹೆ, ಆಕೆಗೆ ಅದು ಬಾಗಿಲು ಮುಚ್ಚಿದ ಸದ್ದು.

ಅತ್ತ ಅಭಿಮಾನಿಗಳ ಅತಿರೇಕವೂ ಇದೆ. ಕಲ್ಲುಹೂ ಗೊತ್ತಲ್ಲ, ನಾವು ಮಸಾಲೆಗೆ ಹಾಕುವುದು? ಅದು ಒಂದೇ ಜೀವವಲ್ಲ, ಪಾಚಿಯೂ ಶಿಲೀಂಧ್ರವೂ ಕೂಡಿ ಬಾಳುವ ಸಂಸಾರ ಎಂದು ಮೊದಲು ಕಂಡುಹಿಡಿದವಳು ಪಾಟರ್ ಎಂದು ಬರೆದುಬಿಟ್ಟಿದ್ದಾರೆ. ಅದನ್ನು 1860ರ ದಶಕದಲ್ಲೇ ಶ್ವೆಂಡನರ್ ಎಂಬ ಸ್ವಿಸ್ ವಿಜ್ಞಾನಿ ಹೇಳಿ ಆಗಿತ್ತು. ಕಳೆದುಹೋದ ಪ್ರಬಂಧದ ಹೆಸರಿನಲ್ಲಿ ಇಲ್ಲದ ಕಿರೀಟ ತೊಡಿಸುವುದು ಆಕೆಗೆ ಮಾಡುವ ಉಪಕಾರವಲ್ಲ. ಇರುವ ಚಿತ್ರಗಳು ಸಾಕು.

ಇನ್ನು ಪ್ರಕಾಶನದ ಕಥೆ. ಇದರಲ್ಲಿ ಆಕೆ ಯಾರ ಕೈಗೂ ಸಿಕ್ಕಲಿಲ್ಲ. 1890ರಲ್ಲೇ ಮೊಲದ ಚಿತ್ರಗಳನ್ನು ಶುಭಾಶಯ ಪತ್ರದ ಕಂಪನಿಗೆ ಮಾರಿ ಆರು ಪೌಂಡು ಗಳಿಸಿದ್ದಳು. 1893ರ ಸೆಪ್ಟೆಂಬರ್ 4ರಂದು, ತನ್ನ ಹಳೆಯ ಗವರ್ನೆಸ್‌ಳ ಕಾಯಿಲೆಯ ಮಗ ಐದು ವರ್ಷದ ನೋಯೆಲ್‌ಗೆ ಏನು ಬರೆಯಲೆಂದು ತೋಚದೆ ನಾಲ್ಕು ಮೊಲಮರಿಗಳ ಕಥೆಯನ್ನು ಚಿತ್ರ ಸಮೇತ ಕಾಗದದಲ್ಲಿ ಬರೆದಳು. ಹುಡುಗ ಅದನ್ನು ಜೋಪಾನವಾಗಿಟ್ಟಿದ್ದ. ಏಳೆಂಟು ವರ್ಷದ ಮೇಲೆ ಅದನ್ನೇ ಕೇಳಿ ತರಿಸಿಕೊಂಡು ಪುಸ್ತಕ ಮಾಡಿದಳು. ಆರು ಪ್ರಕಾಶಕರು ಒಲ್ಲೆ ಎಂದರು. ಕೆಲವರಿಗೆ ಪುಸ್ತಕ ದೊಡ್ಡದಾಗಬೇಕು. ಈಕೆಗೆ ಮಗುವಿನ ಕೈಗೆ ಹಿಡಿಯುವಷ್ಟು ಚಿಕ್ಕದು, ಅಗ್ಗದ್ದು ಬೇಕು. ಸರಿ, ನನ್ನ ದುಡ್ಡಿನಲ್ಲೇ ಅಚ್ಚು ಹಾಕಿಸುತ್ತೇನೆ ಎಂದು 1901ರ ಡಿಸೆಂಬರಿನಲ್ಲಿ 250 ಪ್ರತಿ ತೆಗೆಸಿದಳು. ಸಾಲದೆ ಬಂದು ಇನ್ನೂ 200. ಅಷ್ಟರಲ್ಲಿ ಫ್ರೆಡರಿಕ್ ವಾರ್ನ್ ಕಂಪನಿ ಚಿತ್ರಗಳಿಗೆ ಬಣ್ಣ ಹಾಕುವ ಷರತ್ತಿನ ಮೇಲೆ ಒಪ್ಪಿತು. ಮೊಲ ಕಂದು, ಗಿಡ ಹಸಿರು, ಅದರಲ್ಲಿ ಬಣ್ಣದ ಬೆಡಗೇನಿದೆ ಎಂದು ಹಿಂದೆ ಬಿದ್ದವಳು ಈಕೆಯೇ! 1902ರ ಅಕ್ಟೋಬರಿನಲ್ಲಿ 8,000 ಪ್ರತಿಯ ಮೊದಲ ಮುದ್ರಣ. ವರ್ಷ ಮುಗಿಯುವುದರೊಳಗೆ 28,000.

ಇಷ್ಟೆಲ್ಲ ಆಗುವಾಗ ಆಕೆಗೆ ಮೂವತ್ತೈದು ದಾಟಿತ್ತು. ಕರಾರಿನ ಮಾತಿಗೆ ಅಪ್ಪ ಬೆನ್ನು ಹತ್ತಿ ಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಪ್ರಕಾಶಕರಿಗೆ ಮುಂಚಿತವಾಗಿ ಬರೆದು ತಿಳಿಸಬೇಕಾಯಿತು. ಓದಿ ನಗು ಬಂತು, ಆಮೇಲೆ ಬರಲಿಲ್ಲ.

ಅಮೆರಿಕದಲ್ಲಿ ಹಕ್ಕು ನೋಂದಾಯಿಸುವುದನ್ನು ಕಂಪನಿ ಮರೆತು ಅಲ್ಲಿ ಕಳ್ಳಮುದ್ರಣ ಶುರುವಾಯಿತು. ಪಾಟರ್ ಅಳುತ್ತಾ ಕೂರಲಿಲ್ಲ. 1903ರಲ್ಲಿ ತಾನೇ ಕೈಯಾರೆ ಮೊಲದ ಗೊಂಬೆ ಮಾಡಿ ಅದರ ಹಕ್ಕನ್ನು ನೋಂದಾಯಿಸಿದಳು. ಮುಂದೆ ಪಗಡೆಯಂಥ ಆಟ, ಬೇರೆ ಸಾಮಾನುಗಳು. ಪುಸ್ತಕದ ಹಣಕ್ಕೆ ಬಂಧುವೊಬ್ಬರಿಂದ ಬಂದ ಸ್ವಲ್ಪ ಹಣ ಕೂಡಿಸಿ 1905ರಲ್ಲಿ ಲೇಕ್ ಡಿಸ್ಟ್ರಿಕ್ಟಿನ ಹಿಲ್ ಟಾಪ್ ಎಂಬ ಹೊಲಮನೆ ಕೊಂಡಳು. ಅದೇ ವರ್ಷ ಜುಲೈನಲ್ಲಿ ಪ್ರಕಾಶಕರ ಮನೆಯ ಕಿರಿಯ ಮಗ ನಾರ್ಮನ್ ವಾರ್ನ್ ಮದುವೆಯ ಪ್ರಸ್ತಾಪ ಮಾಡಿದ್ದ. ವ್ಯಾಪಾರಸ್ಥರ ಮನೆಗೆ ಹೆಣ್ಣು ಕೊಡುವುದೇ ಎಂದು ತಂದೆ ತಾಯಿ ಸಿಡಿದರು. ಹತ್ತಿ ಬಟ್ಟೆಯ ಅಚ್ಚು ಹಾಕಿ ಸಾಹುಕಾರರಾದವರ ಮಾತು ಇದು! ಈಕೆ ಉಂಗುರ ತೊಟ್ಟಳು. ಒಂದು ತಿಂಗಳಿಗೆ, ಆಗಸ್ಟ್ 25ರಂದು, ನಾರ್ಮನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ.

ಪುಸ್ತಕಗಳ ಗುಣದ ಮಾತಿಗೆ ಬರೋಣ. ಎಲ್ಲವೂ ಒಂದೇ ತೂಕದವಲ್ಲ. ಆಕೆ ಮನುಷ್ಯರನ್ನು ಬರೆದಾಗ ಕೈ ಸೋಲುತ್ತದೆ. ತೋಟದ ಮ್ಯಾಕ್‌ಗ್ರೆಗರ್ ಮುದುಕನಿಗಿಂತ ಅವನ ಕೋಸಿನ ಗಿಡಕ್ಕೆ ಹೆಚ್ಚು ಜೀವವಿದೆ. 1930ರಲ್ಲಿ ಬಂದ ಪುಟ್ಟ ಹಂದಿ ರಾಬಿನ್‌ಸನ್ನನ ಕಥೆ ಎಳೆದದ್ದು. ಕಂಪನಿಯನ್ನು ಉಳಿಸಲು 1917ರಲ್ಲಿ ಹಳೆಯ ಕಡತದಿಂದ ತೆಗೆದು ಕೊಟ್ಟ ಶಿಶುಪದ್ಯಗಳ ಪುಸ್ತಕ ಚಿತ್ರಕ್ಕಾಗಿ ಮಾತ್ರ ನೋಡುವಂಥದ್ದು. ಆ ವರ್ಷ ನಾರ್ಮನ್ನನ ಅಣ್ಣ ಹೆರಾಲ್ಡ್ ಖೋಟಾ ಸಹಿ ಮಾಡಿ ಜೈಲು ಸೇರಿದ್ದ; ತನಗೆ ಬರಬೇಕಾದ ಹಣ ಬಾರದೆಯೂ ಈಕೆ ಕಂಪನಿಯ ಕೈಬಿಡಲಿಲ್ಲ.

ಆದರೆ ಮೊದಲ ಪುಸ್ತಕದಲ್ಲಿ ಪೀಟರ್ ಓಡುವ ಪುಟಗಳನ್ನು ನಿಧಾನವಾಗಿ ನೋಡಿ. ಅಮ್ಮ ಕೋಟು ತೊಡಿಸಿ, ಗುಂಡಿ ಹಾಕಿ, ಬೂಟು ತೊಡಿಸಿ ಕಳಿಸಿದ್ದಾಳೆ. ಅವನು ಎರಡು ಕಾಲಲ್ಲಿ ನಡೆಯುವ ಮಾನವಂತ ಹುಡುಗ. ತೋಟದಲ್ಲಿ ಸಿಕ್ಕಿಬಿದ್ದಾಗ ಒಂದು ಬೂಟು ಹೋಯಿತು, ಇನ್ನೊಂದು ಹೋಯಿತು, ಆಗ ನಾಲ್ಕು ಕಾಲಿನ ಮೊಲವಾಗಿ ಜೋರಾಗಿ ಓಡುತ್ತಾನೆ. ಪೂರ್ತಿ ತಪ್ಪಿಸಿಕೊಳ್ಳುತ್ತಿದ್ದನೇನೋ, ಹೊಸ ಕೋಟಿನ ದೊಡ್ಡ ಹಿತ್ತಾಳೆ ಗುಂಡಿ ಬಲೆಗೆ ಸಿಕ್ಕುತ್ತದೆ. ಕೋಟು ಕಳಚಿದ ಮೇಲೇ ಬಿಡುಗಡೆ. ಆ ಕೋಟನ್ನು ತೋಟದವನು ಬೆರ್ಚಪ್ಪನಿಗೆ ತೊಡಿಸುತ್ತಾನೆ. ಹೆಣ್ಣುಮಕ್ಕಳಿಗೆ ಹೆಚ್ಚು ವಿವರಿಸಬೇಕಿಲ್ಲ. ಎಲುಬಿನ ಲೆಕ್ಕ ಗೊತ್ತಿರುವ ಕೈ ಮಾತ್ರ ಈ ಬದಲಾವಣೆಯನ್ನು ಹೀಗೆ ಬರೆಯಬಲ್ಲದು. ಬೇರೆಯವರ ಮೊಲಗಳು ಮೊಲದ ಮುಖವಾಡ ಹಾಕಿದ ಮಕ್ಕಳು. ಈಕೆಯ ಮೊಲದಿಂದ ಬಟ್ಟೆ ತೆಗೆದರೆ ಮೊಲವೇ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಗ್ಲಾಸ್ಟರ್ ಊರಿನ ದರ್ಜಿಯ ಕಥೆ, 1903ರದ್ದು. ಕಾಯಿಲೆ ಬಿದ್ದ ದರ್ಜಿಯ ಬದಲು ಇಲಿಗಳು ರಾತ್ರಿಯಿಡೀ ಕೂತು ಕಸೂತಿಯ ಕೋಟು ಹೊಲಿದು ಮುಗಿಸುತ್ತವೆ; ಒಂದು ಕಾಜಾ ಮಾತ್ರ ಬಾಕಿ, ರೇಷ್ಮೆ ದಾರ ಸಾಲಲಿಲ್ಲ. ಆ ಕಸೂತಿಯನ್ನು ಆಕೆ ಸೌತ್ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಹದಿನೆಂಟನೇ ಶತಮಾನದ ಬಟ್ಟೆಗಳನ್ನು ಎದುರಿಗಿಟ್ಟುಕೊಂಡು ಬರೆದದ್ದು. ಒಂದೊಂದು ಹೊಲಿಗೆಯೂ ಲೆಕ್ಕಕ್ಕೆ ಸಿಗುತ್ತದೆ. ಅಣಬೆಯ ಪದರು ಎಣಿಸಿದ ಕಣ್ಣೇ ಇದು.

"ವಿಜ್ಞಾನಕ್ಕೆ ನಷ್ಟವಾದರೇನು, ಮಕ್ಕಳಿಗೆ ಲಾಭವಾಯಿತಲ್ಲ" ಎಂದು ಆಕೆಯ ಜೀವನ ಹೇಳುವವರು ಸಮಾಧಾನ ಮಾಡುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ನಾನೂ ಇದನ್ನು ಕೇಳಿದ್ದೇನೆ. ಕೊನೆಯ ವರ್ಷದಲ್ಲಿ ನಮ್ಮ ಅಧ್ಯಾಪಕರೊಬ್ಬರು ಪಠ್ಯಪುಸ್ತಕ ಬರೆಯುತ್ತಿದ್ದರು. ನನ್ನ ರೆಕಾರ್ಡ್ ನೋಡಿ, ಚಿತ್ರ ಬರೆದುಕೊಡಮ್ಮ ಎಂದರು. ಎರಡು ರಜೆ ಪೂರ್ತಿ ಇಂಡಿಯನ್ ಇಂಕಿನಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ ಬರೆದೆ. ಪುಸ್ತಕ ಬಂದಾಗ ನನ್ನ ಮದುವೆಯಾಗಿತ್ತು. ಮುನ್ನುಡಿಯಲ್ಲಿ "ನೆರವಾದ ವಿದ್ಯಾರ್ಥಿಗಳಿಗೆ" ಎಂದಿತ್ತು, ಹೆಸರಿಲ್ಲ. ಎಂ.ಎಸ್ಸಿ. ಅರ್ಜಿ ನಾನು ತುಂಬಲೇ ಇಲ್ಲ. "ಹೋಗಲಿ ಬಿಡು, ನಿನ್ನ ಕೈ ಎಷ್ಟು ಚೆಂದ, ಬಾಗಿಲ ಮುಂದಿನ ರಂಗೋಲಿ ನೋಡಿ ಬೀದಿಯೇ ನಿಲ್ಲುತ್ತದೆ" ಎಂದರು ಅತ್ತೆ. ಪ್ರೀತಿಯಿಂದಲೇ ಅಂದರು. ರಂಗೋಲಿ ಬೀದಿಗೆ ಲಾಭವೇ. ಆದರೆ ಲಾಭ ನಷ್ಟದ ಖಾತೆಯನ್ನು ಬೇರೆಯವರು ಬರೆದುಬಿಟ್ಟರೆ ಹೇಗೆ?

ಮಾನಸನ್ಮಾನಗಳ ಲೆಕ್ಕ ಹೇಳುವುದಾದರೆ, ಲಿನ್ನಿಯನ್ ಸೊಸೈಟಿ 1904ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಹೆಂಗಸರನ್ನು ಫೆಲೋಗಳಾಗಿ ಆರಿಸಿತು. ಅದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಹೋರಾಡಿದ ಮರಿಯನ್ ಫಾರ್ಕರ್ಸನ್ನಳನ್ನು ಮಾತ್ರ ಆಗ ಹೊರಗೇ ಇಟ್ಟರು. 1908ರಲ್ಲಿ ಆರಿಸಿದಾಗ ಆಕೆ ಹಾಸಿಗೆ ಹಿಡಿದಿದ್ದಳು, ಹೋಗಿ ಸಹಿ ಹಾಕಲು ಆಗಲೇ ಇಲ್ಲ. ಪಾಟರ್ ಆ ಬಾಗಿಲನ್ನು ಮತ್ತೆ ತಟ್ಟಲಿಲ್ಲ. 1913ರಲ್ಲಿ ನಲವತ್ತೇಳರ ವಯಸ್ಸಿನಲ್ಲಿ ವಕೀಲ ವಿಲಿಯಂ ಹೀಲಿಸ್‌ನನ್ನು ಮದುವೆಯಾಗಿ, ಹರ್ಡ್‌ವಿಕ್ ತಳಿಯ ಕುರಿ ಸಾಕುತ್ತಾ, ಊರಿನವರಿಗೆ ಬರೀ ಮಿಸೆಸ್ ಹೀಲಿಸ್ ಆದಳು. 1943ರಲ್ಲಿ ಕುರಿ ಸಾಕಣೆದಾರರ ಸಂಘ ಆಕೆಯನ್ನು ಮುಂದಿನ ಅಧ್ಯಕ್ಷೆಯಾಗಿ ಆರಿಸಿತು. ಆವರೆಗೆ ಯಾವ ಹೆಂಗಸಿಗೂ ಸಿಗದ ಸ್ಥಾನ. ಅಧಿಕಾರ ವಹಿಸಿಕೊಳ್ಳುವ ಮೊದಲೇ ಡಿಸೆಂಬರ್ 22ರಂದು ತೀರಿಕೊಂಡಳು. 4,000 ಎಕರೆಗೂ ಮಿಕ್ಕ ಜಮೀನನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟು ಹೋದಳು.

ಅಣಬೆಯ ಚಿತ್ರಗಳು ಆಂಬಲ್‌ಸೈಡಿನ ಆರ್ಮಿಟ್ ಗ್ರಂಥಾಲಯಕ್ಕೆ ಸೇರಿದವು. 1967ರಲ್ಲಿ ಫಿಂಡ್ಲೆ ಎಂಬ ಶಿಲೀಂಧ್ರ ತಜ್ಞ ತನ್ನ ಅಣಬೆ ಪುಸ್ತಕಕ್ಕೆ ಅವುಗಳಲ್ಲಿ 59ನ್ನು ಆರಿಸಿ ಬಳಸಿದ. ಎಪ್ಪತ್ತು ವರ್ಷ ಹಳೆಯ ಚಿತ್ರವನ್ನು ಅಣಬೆ ಗುರುತಿಸಲು ನಂಬಿ ಅಚ್ಚು ಹಾಕುತ್ತಾನೆಂದರೆ ಅದಕ್ಕಿಂತ ದೊಡ್ಡ ಪದವಿ ಯಾವುದು ಹೇಳಿ! ಸೊಸೈಟಿ ಮಾತ್ರ 1997ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಆಕೆಯನ್ನು ನಡೆಸಿಕೊಂಡ ರೀತಿ ಸರಿಯಲ್ಲವೆಂದು ಒಪ್ಪಿಕೊಂಡಿತು. ಸತ್ತವರಿಗೆ ಕ್ಷಮೆ ಕೇಳುವುದು ಸುಲಭ, ಅವರು "ಈಗ ಬಂದಿರಾ?" ಎನ್ನುವುದಿಲ್ಲ.

ಮೊಮ್ಮಗಳು ಹೋದ ಮೇಲೆ ಅಟ್ಟದಿಂದ ಆ ಪಠ್ಯಪುಸ್ತಕ ಇಳಿಸಿದೆ. ಗೆದ್ದಲು ಒಂದು ಮೂಲೆ ತಿಂದಿದೆ. ಅಣಬೆಯ ಪುಟ ತೆಗೆದು, ಪಾಟರಳ ಚಿತ್ರದ ಪಕ್ಕದಲ್ಲಿಟ್ಟು, ಕನ್ನಡಕ ಏರಿಸಿ ನೋಡಿದೆ. ಗೆರೆ ಚೆನ್ನಾಗಿಯೇ ಇದೆ. ಆದರೆ ಕೊಡೆಯ ಪದರು ಕಾಲಿಗೆ ಅಂಟಿದೆಯೋ, ಅಂಟದೆ ಬಿಟ್ಟು ನಿಂತಿದೆಯೋ, ಅಣಬೆಯನ್ನು ಗುರುತಿಸಲು ಮೊದಲು ನೋಡುವುದೇ ಅದನ್ನು, ನನ್ನ ಚಿತ್ರದಲ್ಲಿ ತಿಳಿಯುವುದಿಲ್ಲ. ಅಲ್ಲಿ ನಾನು ಸುಮ್ಮನೆ ಕಪ್ಪು ತುಂಬಿದ್ದೇನೆ. ಬಹುಶಃ ಅಂದು ಕರೆಂಟು ಹೋಗಿತ್ತು, ಇಲ್ಲವೆ ಅಮ್ಮ ಒಳಗಿನಿಂದ ಕರೆದಿರಬೇಕು.